ಗಾಂಧಿ ಚೌಕದ ಆ ತಮ್ಮನಿಗೆ ಥ್ಯಾಂಕ್ಸ್

ವಿಜಯಪುರದ ಗಾಂಧಿ ಚೌಕದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನಿಗೆ ಈ ಥ್ಯಾಂಕ್ಸ್. ಕರೆಂಟ್ ಹೋಗಿ ಬಂದ ಮೇಲೆ ನನ್ನ ಉಬುಂಟುವಿನಲ್ಲಿ (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಂ) ಏನೂ ಇನ್‌ಸ್ಟಾಲ್ ಆಗುತ್ತಿರಲಿಲ್ಲ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಕಮಾಂಡ್ ಕೊಟ್ಟರೂ ಪ್ಯಾಕೇಜ್ ಡೇಟಾಬೇಸ್‌ಗೆ (ಸಾಫ್ಟ್‌ವೇರ್‌ಗಳ ಲೆಕ್ಕ ಇಡುವ ಕಡತಕ್ಕೆ) ಬರೆಯಲು ಆಗಲ್ಲ ಅಂತಲೇ ಎರರ್, ಸಂಜೆಯೊಳಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಹಾಕಬೇಕಿತ್ತು. ಫೈಲ್‌ಗಳ ಪರ್ಮಿಷನ್ ಎಲ್ಲ 777, ಅಂದರೆ ಯಾರು ಬೇಕಾದರೂ ಓದಿ ಬರೆಯುವ ಹಾಗೆ, ಮಾಡಿಬಿಡು ಅಂತ ಗೆಳೆಯರ ಸಲಹೆ (ಸಲಹೆಗೇನು ಬರ, ಅಲ್ವಾ).

‘ಅದನ್ನ ಮುಟ್ಟಬ್ಯಾಡ್ರಿ ಅಣ್ಣಾ, ಪರ್ಮಿಷನ್ ಸರಿ ಐತಿ’ ಎಂದ ಈ ಹುಡುಗ. ಡಿಸ್ಕ್‌ನಲ್ಲಿ ಎರರ್ ಕಂಡರೆ ಉಬುಂಟು ತಾನಾಗಿಯೇ ರೀಡ್ ಓನ್ಲಿ ಆಗಿಬಿಡುತ್ತದಂತೆ, ಆಗ ರೂಟ್‌ಗೂ (ಅಡ್ಮಿನ್‌ಗೂ) ಬರೆಯಲು ಬಿಡಲ್ಲ. ಮೊದಲು ನನ್ನ ಫೈಲ್‌ಗಳನ್ನು ತನ್ನದೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಟ್ಟ. ಆಮೇಲೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್ ಎರರ್ ಸರಿಪಡಿಸುವ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿದ. ಸಾಫ್ಟ್‌ವೇರ್ ಪಟ್ಟಿ ಹೊಸದು ಮಾಡುವ ಆಪ್ಟ್ ಅಪ್‌ಡೇಟ್ ಸಲೀಸಾಗಿ ಓಡಿದಾಗ ಹೋದ ಜೀವ ಬಂದಂತಾಯಿತು. ಎಫ್‌ಎಸ್‌ಸಿಕೆ ಕಮಾಂಡನ್ನು ಬಿಲ್ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ. ದುಡ್ಡು ಮಾತ್ರ ಎಷ್ಟು ಹೇಳಿದರೂ ಮುಟ್ಟಲಿಲ್ಲ, ‘ಮೊದಲು ಒಂದು ಯುಪಿಎಸ್ ತಗೊಳ್ರಿ’ ಅಂದ.