ಕಾಲು ತೋರಿಸಿಕೊಂಡು ಬನ್ನಿ ಅಪ್ಪ

ಲಾಸ್ ಬಾನ್ಯೋಸ್, ಫಿಲಿಪ್ಪೀನ್ಸ್
ಭಾನುವಾರ ರಾತ್ರಿ

ಅಪ್ಪನಿಗೂ ಅವ್ವನಿಗೂ ನಮಸ್ಕಾರ. ನಾನು ಕ್ಷೇಮ. ಅಜ್ಜಿಗೂ ಹೇಳಿ.

ಶಿವು ಬರೆದಿದ್ದು ಓದಿದೆ. ಅಪ್ಪ, ಅಂಗಾಲಿನ ಗಾಯ ಇನ್ನೂ ಆರಿಲ್ಲವಂತೆ. ಆ ಕಾಲಲ್ಲೇ ನಾಟಿ ಗದ್ದೆಗೆ ಇಳಿಯುತ್ತಿದ್ದೀರಂತೆ. ಫೋನಲ್ಲಿ ಕೇಳಿದರೆ "ಏನಿಲ್ಲ ಬುಡವ್ವ" ಅಂತ ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಶಿವು, ಒಂದು ಸಾಲೂ ಬಿಡದೆ ಓದಿ ಹೇಳು.

ಅವ್ವ, ನೀನು ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಊಟಕ್ಕೆ ತೊಂದರೆ ಇಲ್ಲ. ಇಲ್ಲಿಯವರು ಬೆಳಗ್ಗೆಯೂ ಅನ್ನವನ್ನೇ ತಿನ್ನುತ್ತಾರೆ, ಬೆಳ್ಳುಳ್ಳಿ ಹಾಕಿ ಹುರಿದ ಅನ್ನ. ಸಿನಿಗಾಂಗ್ ಅಂತ ಹುಣಸೆಕಾಯಿ ಹುಳಿಯ ಸಾರು ಮಾಡುತ್ತಾರೆ, ನನಗೆ ಹಿಡಿಸಿತು. ಮುದ್ದೆ ಒಂದಿಲ್ಲ. ಮಳೆ ಇದೆ, ಬಿರುಗಾಳಿ ಏನಿಲ್ಲ. ಟಿವಿ ನೋಡಿ ಹೆದರಬೇಡ. ರೂಮಿನಲ್ಲಿ ಅಸ್ಸಾಂ ಹುಡುಗಿ ಜೊತೆಗಿದ್ದಾಳೆ. ನಿಜವಾಗಿಯೂ ಚೆನ್ನಾಗಿದ್ದೇನೆ.

ಸಮ್ಮೇಳನಕ್ಕೆ ಬಂದವರನ್ನೆಲ್ಲ ಇಲ್ಲಿಯ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಕರೆದುಕೊಂಡು ಹೋಗಿದ್ದರು. 1960ರಲ್ಲಿ ಶುರುವಾದದ್ದು. ತಾತ ಹೇಳುತ್ತಿದ್ದ ಐಆರ್ ಎಂಟು ಭತ್ತದ ತಳಿ 1966ರಲ್ಲಿ ಇಲ್ಲಿಂದಲೇ ಬಂದದ್ದು. ನಮ್ಮ ಐಆರ್ 64 ಕೂಡ ಇಲ್ಲಿಯದೇ. ಭತ್ತದ 1 ಲಕ್ಷ 30 ಸಾವಿರಕ್ಕೂ ಜಾಸ್ತಿ ಮಾದರಿಗಳ ಬೀಜವನ್ನು ತಣ್ಣನೆಯ ಕೋಣೆಗಳಲ್ಲಿ ಇಟ್ಟಿದ್ದಾರೆ. ನೋಡಿ ಕಣ್ಣು ತುಂಬಿತು. ಆದರೆ ನಾನೂ ಸುಮ್ಮನಿರಲಿಲ್ಲ. ನಮ್ಮ ಕಿರುಗಾವಲಿನ ಸೈಯದ್ ಘನಿ ಖಾನ್ ತಮ್ಮ ಹೊಲದಲ್ಲೇ ನೂರಾರು ಭತ್ತದ ತಳಿ ಬೆಳೆಸಿ ಉಳಿಸಿದ್ದಾರೆ ಅಂತ ಎದ್ದು ಹೇಳಿದೆ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಸೇರಿಸಿ ಇಂಡಾಫ್ ತಳಿ ಮಾಡಿದ್ದನ್ನೂ ಹೇಳಿದೆ. ಆಫ್ರಿಕಾದಿಂದ ಬಂದಿದ್ದ ಹುಡುಗಿ ಅದನ್ನು ಬರೆದುಕೊಂಡಳು.

ನೀವು ನೋಡಬೇಕಾದ್ದು ಒಂದಿತ್ತು ಅಪ್ಪ. ತೂತು ಕೊರೆದ ಪೈಪಿನ ತುಂಡನ್ನು ಗದ್ದೆಯಲ್ಲಿ ಹೂಳುತ್ತಾರೆ. ನೆಲದಿಂದ 15 ಸೆಂಟಿಮೀಟರ್ ಕೆಳಗೆ ನೀರು ಇಳಿದದ್ದು ಅದರಲ್ಲಿ ಕಂಡ ಮೇಲೆಯೇ ಮತ್ತೆ ನೀರು ಬಿಡುವುದು. ನಾಟಿ ಆದ ಹೊಸದರಲ್ಲಿ ಮತ್ತು ಹೂವಾಡುವಾಗ ಮಾತ್ರ ನೀರು ನಿಂತಿರಬೇಕು. ನೂರಕ್ಕೆ ಮೂವತ್ತು ಪಾಲಿನ ತನಕ ನೀರು ಉಳಿಯುತ್ತಂತೆ. ನಾಲೆಯಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರು, ಬರುವ ನಮಗೆ ಇದು ಹೇಳಿ ಮಾಡಿಸಿದ್ದು. ಈಗಲೇ ಹೋಗಿ ಪೈಪ್ ಹೂಳಬೇಡಿ. ನಾನು ಬಂದು ಶಿವು ಜೊತೆ ಹಾಕುತ್ತೇನೆ.

ಈಗ ಕಾಲಿನ ವಿಷಯ. ನೋವಿಲ್ಲ ಅಂತ ನೀವು ಧೈರ್ಯವಾಗಿದ್ದೀರಿ. ನನಗೆ ಭಯ ಆಗಿರುವುದೇ ಆ ಮಾತಿಗೆ. ಶುಗರ್ ಇರುವವರಿಗೆ ಕಾಲಿನ ನರಗಳು ಜೋಮು ಹಿಡಿದು, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ರಕ್ತ ಸರಿಯಾಗಿ ಓಡದೆ ಗಾಯ ಆರಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಕೀವು ಇರಬಹುದು. ದೊಡ್ಡಪ್ಪನ ಬೆರಳು ತೆಗೆದದ್ದು ನೆನಪಿದೆ ಅಲ್ವಾ? ಅವರೂ ಸುಗ್ಗಿ ಮುಗಿಯಲಿ ಅಂತಲೇ ಕಾದರು.

ಸುಣ್ಣ, ಅರಿಶಿನ, ಸೊಪ್ಪಿನ ರಸ ಯಾವುದೂ ಬೇಡ. ಚೊಕ್ಕ ನೀರಲ್ಲಿ ತೊಳೆದು, ಒರೆಸಿ, ಶುಭ್ರ ಬಟ್ಟೆ ಕಟ್ಟಿಕೊಂಡು ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗಿ. ಅಲ್ಲಿ ಮೈಸೂರಿಗೆ ಬರೆದುಕೊಟ್ಟರೆ ಕೆ.ಆರ್. ಆಸ್ಪತ್ರೆಗೆ ಅವತ್ತೇ ಹೋಗಿ. ನೀರು ನಿಲ್ಲಿಸುವುದರೊಳಗೆ ನಾಟಿ ಮುಗಿಯಬೇಕು ಅನ್ನುತ್ತೀರಿ, ಗೊತ್ತು. ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದ್ದೇನೆ, ಆಳು ಕರೆದುಕೊಂಡು ಬರುತ್ತಾರೆ. ಎರಡು ದಿನ ತಡವಾದರೆ ಆಗಲಿ. ಒಂದು ಮಡಿ ಬೀಳು ಬಿದ್ದರೂ ಪರವಾಗಿಲ್ಲ ಅಪ್ಪ, ನಿಮ್ಮ ಕಾಲಿಗಿಂತ ಅದು ಹೆಚ್ಚಲ್ಲ.

ದುಡ್ಡಿನ ಯೋಚನೆ ಬೇಡ. ನನ್ನ ಪ್ರಯಾಣದ ಖರ್ಚೆಲ್ಲ ಸಮ್ಮೇಳನದವರದೇ. ಸ್ಟೈಪೆಂಡ್ ಹಾಗೇ ಇದೆ, ಕಾರ್ಡ್ ಬೀರುವಿನ ಕೆಳಗಿನ ಖಾನೆಯಲ್ಲಿದೆ. ನಂಬರ್ ಶಿವುಗೆ ಗೊತ್ತು. ಅವ್ವನ ಓಲೆ ಅಡ ಇಡಬೇಡಿ.

ಅವ್ವ, ನಾಳೆ ಮೊದಲ ಬಸ್ಸಿಗೆ ನೀನೇ ಹೊರಡಿಸು. ಶಿವು, ಡಾಕ್ಟರ್ ಚೀಟಿಯ ಫೋಟೋ ಕಳಿಸು. ಇಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಆದರೂ ಎಷ್ಟೊತ್ತಿಗಾದರೂ ಫೋನ್ ಮಾಡು. ನನ್ನ ಬಗ್ಗೆ ಏನೂ ಚಿಂತೆ ಬೇಡ, ಆರಾಮಾಗಿದ್ದೇನೆ. ಬೆಳಗ್ಗೆ ಬೇಗ ಹೋಗಿ ಪೋಸ್ಟರ್ ಅಂಟಿಸಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮಗಳು,
ಭಾಗ್ಯ

ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ ಅಪ್ಪ.