ದಹನಕ್ಕೆ ಮುನ್ನ ಸಹಿ ಹಾಕಬೇಕಾದ ವೈದ್ಯರು ಯಾರು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅತ್ತೆಯವರು ಬೆಂಗಳೂರಿನ ಮನೆಯಲ್ಲಿಯೇ ನಸುಕಿನಲ್ಲಿ ತೀರಿಕೊಂಡರು. ಚಿತಾಗಾರದಲ್ಲಿ ವೈದ್ಯರ ಪತ್ರ ಬೇಕೆಂದರು. ಮೂತ್ರಪಿಂಡದ ಕಾಯಿಲೆಗೆ ಅವರಿಗೆ ಚಿಕಿತ್ಸೆ ನೀಡಿ, ಹತ್ತು ದಿನಗಳ ಹಿಂದಷ್ಟೇ ಮನೆಗೆ ಕಳುಹಿಸಿದ್ದ ಆಸ್ಪತ್ರೆಯವರು, ಸಾವು ತಮ್ಮಲ್ಲಿ ಸಂಭವಿಸಿಲ್ಲವೆಂದು ಹೇಳಿ ಕೈತೊಳೆದುಕೊಂಡರು. ಕೊನೆಗೆ ಬಡಾವಣೆಯ ಕ್ಲಿನಿಕ್ಕೊಂದರಲ್ಲಿ, ಅತ್ತೆಯವರನ್ನು ಒಮ್ಮೆಯೂ ನೋಡಿರದ ವೈದ್ಯರೊಬ್ಬರು ಆಧಾರ್ ಪ್ರತಿ ನೋಡಿ ಹೆಸರು, ವಯಸ್ಸು ಬರೆದುಕೊಂಡು, ಕಾರಣದ ಜಾಗದಲ್ಲಿ 'ಹೃದಯ ಸ್ತಂಭನ' ಎಂದು ಗೀಚಿ, ಮೊಹರು ಒತ್ತಿ, ಸಾವಿರ ರೂಪಾಯಿ ಪಡೆದರು. ದೇಹ ಎಲ್ಲಿದೆಯೆಂದೂ ಕೇಳಲಿಲ್ಲ. ಸರಿಯಲ್ಲವೆಂದು ತಿಳಿದೂ ನಾವು ಆ ಹಾಳೆಯನ್ನು ತಂದೆವು. ಬಂಧುಗಳೆಲ್ಲ ಅಂಗಳದಲ್ಲಿ ಕಾಯುತ್ತಿದ್ದರು.

1969ರ ಜನನ ಮರಣ ನೋಂದಣಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಮೃತರ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರೇ ಸಾವಿನ ಕಾರಣದ ಪ್ರಮಾಣಪತ್ರವನ್ನು ಕೂಡಲೇ, ಯಾವುದೇ ಶುಲ್ಕ ಪಡೆಯದೆ ಕೊಡಬೇಕು. ಮನೆಯಲ್ಲಿ ಆದ ಸಾವಿಗೆಂದೇ ನಮೂನೆ 4ಎ ಇದೆ. ಹೀಗಿರುವಾಗ ಹಾಸಿಗೆ ತಮ್ಮದಲ್ಲವೆಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಕೊಟ್ಟವರು ನುಣುಚಿಕೊಳ್ಳುವುದು, ಕಾಣದವರು ಹಣ ಪಡೆದು ಸಹಿ ಹಾಕುವುದು, ಎರಡೂ ತಪ್ಪು.

ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ನಮೂನೆಯಲ್ಲಿ ಕೇಳುವುದು ಅದನ್ನಲ್ಲ. ಸಾವಿಗೆ ನೇರ ಕಾರಣವೇನು, ಅದಕ್ಕೆ ಮೂಲವಾದ ರೋಗ ಯಾವುದು, ಅದು ಎಷ್ಟು ಕಾಲದಿಂದ ಇತ್ತು ಎಂಬುದನ್ನು. ವರ್ಷಗಟ್ಟಲೆ ಅತ್ತೆಯವರನ್ನು ಕಾಡಿದ ರೋಗದ ಹೆಸರು ಅವರ ಮರಣದ ದಾಖಲೆಯಲ್ಲಿ ಇಲ್ಲವೇ ಇಲ್ಲ. ಹೂಳಿದ ದೇಹವನ್ನಾದರೆ ಸಂಶಯ ಬಂದಾಗ ಹೊರತೆಗೆದು ಪರೀಕ್ಷಿಸಬಹುದು, ದಹನವಾದ ಮೇಲೆ ಅದಕ್ಕೆ ದಾರಿಯೇ ಇರುವುದಿಲ್ಲ. ಅಸಹಜ ಸಾವೊಂದು ಹೀಗೆಯೇ ಸಾವಿರ ರೂಪಾಯಿಯ ಹಾಳೆಯಡಿ ಮುಚ್ಚಿಹೋಗುವುದು ಕಷ್ಟವೇನಲ್ಲ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಚಿಕಿತ್ಸೆ ನೀಡಿದ ವೈದ್ಯರು ಸಿಗದಿದ್ದಾಗ, ಅಥವಾ ಮೃತರು ಯಾವ ವೈದ್ಯರ ಬಳಿಯೂ ಹೋಗಿರದಿದ್ದಾಗ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮನೆಗೆ ಬಂದು, ದೇಹವನ್ನೂ ಹಳೆಯ ಚಿಕಿತ್ಸಾ ದಾಖಲೆಗಳನ್ನೂ ಪರಿಶೀಲಿಸಿ ಪ್ರಮಾಣಪತ್ರ ನೀಡುವ, ಅನುಮಾನವಿದ್ದರೆ ಪೊಲೀಸರಿಗೆ ತಿಳಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕು. ಇದು ರಾತ್ರಿಯಲ್ಲೂ ರಜಾದಿನಗಳಲ್ಲೂ ಲಭ್ಯವಿರಬೇಕು. ಪಾಳಿಯಲ್ಲಿರುವ ವೈದ್ಯರನ್ನು ಸಂಪರ್ಕಿಸುವ ದೂರವಾಣಿ ಸಂಖ್ಯೆಯನ್ನು ಪ್ರತಿ ಚಿತಾಗಾರದ ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಬೆಂಗಳೂರು