ಅಪ್ಪ ಹೇಳುವವರೆಗೆ ಕಾದವರಿಗೆ

ಕಳೆದ ಭಾನುವಾರ ಅಪ್ಪ ಕೊಪ್ಪದ ಪುಸ್ತಕದಂಗಡಿಯಲ್ಲಿ ಕೂತು ಕಾಫಿ ಕುಡಿದರು. ನಮ್ಮ ಮನೆಗೆ ಇದು ಹಬ್ಬಕ್ಕಿಂತ ದೊಡ್ಡದು. ಆರು ತಿಂಗಳಿಂದ ಜೊತೆಗಿದ್ದ ಎಲ್ಲರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾದ ವಾರವೇ ಅಪ್ಪನಿಗೆ ಸ್ಟ್ರೋಕ್ ಆಯಿತು. ಕಣದಲ್ಲಿ ಹಣ್ಣು ಹರವುತ್ತಿದ್ದವರು ಹಾಗೇ ಕುಸಿದರು. ಪಕ್ಕದ ಮನೆಯ ಅಣ್ಣ ಒಂದು ನಿಮಿಷವೂ ತಡ ಮಾಡದೆ ಜೀಪು ತೆಗೆದರು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕಂತೆ. ನನಗೆ ಅದು ಗೊತ್ತಿರಲಿಲ್ಲ. ನಾವು ಶಿವಮೊಗ್ಗ ಮುಟ್ಟಿದಾಗ ಇನ್ನೂ ಹೊತ್ತಿತ್ತು. ಅಣ್ಣಾ, ನಿಮ್ಮ ಋಣ ತೀರಿಸೋದಲ್ಲ.

ಜೀವ ಉಳಿಯಿತು. ಕೈಕಾಲಿಗೂ ನಿಧಾನಕ್ಕೆ ಬಲ ಬಂತು. ಮಾತು ಮಾತ್ರ ಹೋಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು. ಅಫೇಸಿಯಾ ಅಂತಾರೆ. ಬುದ್ಧಿಗೆ ಏನೂ ಆಗಿರುವುದಿಲ್ಲ, ಪದ ಸಿಗುವುದಿಲ್ಲ ಅಷ್ಟೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕನ್ನಡ ಮೇಷ್ಟ್ರಾಗಿದ್ದವರು ಒಂದು ಲೋಟ ನೀರು ಕೇಳಲಾಗದೆ "ಅದು, ಅದು" ಅನ್ನುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಬಂದವರೆಲ್ಲ ಅವರ ಎದುರಿಗೇ ನಮ್ಮನ್ನು ಕೇಳುತ್ತಿದ್ದರು: "ಊಟ ಮಾಡ್ತಾರಾ? ಗುರುತು ಸಿಗುತ್ತಾ?" ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆ ದಿನಗಳಲ್ಲಿ ಅಮ್ಮ ಅವರ ಮಂಚದ ಪಕ್ಕ ಬಿಟ್ಟು ಏಳಲಿಲ್ಲ.

ಮಾರ್ಚ್‌ನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿನ ಥೆರಪಿಸ್ಟ್ ಮೇಡಂ ಮೊದಲ ದಿನವೇ ನಮಗೆ ಪಾಠ ಮಾಡಿದರು. "ಪದ ನೀವು ಹೇಳಿಬಿಡಬೇಡಿ. ಸುಮ್ನೆ ಕಾಯಿರಿ." ಇನ್ನೊಂದು ಮಾತೂ ಹೇಳಿದ್ದರು. ವಾರದ ಹೆಸರು, ಮಗ್ಗಿ, ಹೀಗೆ ಬಾಯಿಪಾಠ ಆಗಿರುವುದು ಮೊದಲು ವಾಪಸ್ ಬರಬಹುದು. ಯಾರಾದರೂ ಏನಾದರೂ ಕೇಳಿದಾಗ ತನ್ನದೇ ಉತ್ತರ ಕೊಡುವುದು ಬೇರೆ, ಅದು ಕಷ್ಟ. ಆ ಮೇಡಂಗೆ ನಮ್ಮೆಲ್ಲರ ನಮಸ್ಕಾರ. ಕಾಯುವುದು ಎಷ್ಟು ಕಷ್ಟ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಪದ ನಮ್ಮ ನಾಲಿಗೆ ತುದಿಯಲ್ಲೇ ಇರುತ್ತದೆ ಅಲ್ವಾ!

ಭಾನುವಾರ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಅಪ್ಪ ತಾವಾಗಿಯೇ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೊಡೆ ಹಿಡಿದು ನಿಂತರು. ಎಲ್ಲಿಗೆ ಅಂತ ನಮಗೆ ಗೊತ್ತಿತ್ತು. ಪೇಟೆಗೆ ಹೋದಾಗಲೆಲ್ಲ ಅವರು ಹೋಗುತ್ತಿದ್ದುದು ಆ ಪುಸ್ತಕದಂಗಡಿಗೇ. ಅಮ್ಮ, ನನ್ನ ಹೆಂಡತಿ, ಮಗಳು, ನಾನು, ಎಲ್ಲರೂ ಹೊರಟೆವು.

ಬಾಗಿಲಲ್ಲಿ ಕಾಲೊರೆಸಲು ಗೋಣಿಚೀಲ. ಪಕ್ಕದಲ್ಲಿ ನೀರು ಸುರಿಯುವ ಕೊಡೆಗಳ ಬಕೆಟ್ಟು. ಪುಸ್ತಕಕ್ಕೆ ಬೂಷ್ಟು ಹಿಡಿಯಬಾರದು ಅಂತ ಅಲಮಾರಿಯೊಳಗೆ ಹಗಲೂ ಬಲ್ಬ್ ಉರಿಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಮೂರು ಮೇಜು, ಅಲ್ಲಿಂದ ಡಿಕಾಕ್ಷನ್ ವಾಸನೆ. ಅಪ್ಪ ತಮ್ಮ ಹಳೆಯ ಜಾಗದಲ್ಲೇ, ಕಿಟಕಿ ಪಕ್ಕ ಕೂತರು. ಮಗಳು ಕೇಳಿದಳು: "ಅಜ್ಜಾ, ಇದು ಯಾವ ಮಳೆ?"

ಅಪ್ಪ ಬೆರಳು ಮಡಚಲು ಶುರು ಮಾಡಿದರು. "ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು..." ಅಲ್ಲಿ ನಿಂತರು. ಮಗಳು ಬಾಯಿ ಬಿಡಲಿಲ್ಲ. "ಪುಷ್ಯ," ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಅದು ಬಾಯಿಪಾಠ. ನಾನು ಹೇಳಬೇಕೆಂದಿದ್ದು ಆಮೇಲಿನದು. ಅಂಗಡಿಯ ಅಕ್ಕ ಬಂದರು. ನಮ್ಮ ಕಡೆ ನೋಡಲಿಲ್ಲ. ನೇರ ಅಪ್ಪನ ಮುಂದೆ ನಿಂತು, "ಮೇಷ್ಟ್ರೇ, ಕಾಫಿ ಯಾವುದು ತರ್ಲಿ? ಸಕ್ಕರೇದಾ, ಬೆಲ್ಲದ್ದಾ?" ಅಂದರು. ಅಪ್ಪನ ತುಟಿ ಅಲುಗಿತು. ಏನೂ ಬರಲಿಲ್ಲ. ಇನ್ನೊಂದು ಮೇಜಿನವರು ಬಿಲ್ಲಿಗೆ ಕರೆದರು. ಅಕ್ಕ ಕೈ ಎತ್ತಿ "ಬಂದೆ" ಅಂದವರು ಅಲ್ಲಾಡಲಿಲ್ಲ. ಹೆಂಚಿನ ಮೇಲೆ ಮಳೆ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅಪ್ಪ ಮೇಜಿನ ಅಂಚು ಹಿಡಿದುಕೊಂಡರು.

"ಬೆಲ್ಲದ್ದು," ಅಂದರು. ಸ್ವಲ್ಪ ತಡೆದು, "ಬಿಸಿ."

"ಆಯ್ತು ಮೇಷ್ಟ್ರೇ," ಅಂತ ಅಕ್ಕ ಒಳಗೆ ಹೋದರು, ದಿನಾ ಬರುವ ಗಿರಾಕಿಗೆ ಹೇಳಿದ ಹಾಗೆ. ಅಕ್ಕಾ, ನಿಮಗೆ ಯಾರೂ ಹೀಗೆ ಮಾಡಿ ಅಂತ ಹೇಳಿಕೊಟ್ಟಿರಲಿಲ್ಲ. ನೀವಾಗಿಯೇ ಕಾದಿರಿ. ಅವತ್ತು ನಿಮಗೆ ಥ್ಯಾಂಕ್ಸ್ ಹೇಳಲು ನನಗೇ ಗಂಟಲು ಕಟ್ಟಿತ್ತು. ಈಗ ಹೇಳುತ್ತಿದ್ದೇನೆ.

ಬರುವಾಗ ದಪ್ಪ ಅಕ್ಷರದ ಒಂದು ಮಕ್ಕಳ ಕತೆ ಪುಸ್ತಕ ತಂದೆವು. ಆರಿಸಿದ್ದು ಅಪ್ಪನೇ. ಈಗ ಸಂಜೆ ಅಜ್ಜ ಮೊಮ್ಮಗಳು ಕೂತು ದಿನಕ್ಕೆ ಎರಡು ಸಾಲು ಓದುತ್ತಾರೆ. ಅಜ್ಜ ತಡೆದ ಕಡೆ ಅವಳು ಆ ಪದದ ಕೆಳಗೆ ಬೆರಳಿಟ್ಟು ಕೂರುತ್ತಾಳೆ.

ಮಳೆ ಸ್ವಲ್ಪ ಹೊಳವಾದರೆ ಮುಂದಿನ ತಿಂಗಳೂ ಪೇಟೆಗೆ ಬರುತ್ತೇವೆ. ಅಪ್ಪ ಸಿಕ್ಕರೆ ಅವರನ್ನೇ ಮಾತಾಡಿಸಿ, ನನ್ನನ್ನು ಕೇಳಬೇಡಿ. ಸ್ವಲ್ಪ ಹೊತ್ತಾಗುತ್ತದೆ. ಹೇಳುತ್ತಾರೆ.